ಚುಕ್ಕಿಗೂ ಛೇದ ಬೇಕು

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವುದು ನನ್ನ ಕೆಲಸ. ಪಕ್ಷಿತಜ್ಞ ನಾನಲ್ಲ, ಬೈನಾಕ್ಯುಲರ್ ಹಿಡಿದರೆ ಅದರಲ್ಲಿ ಮೊದಲು ಕಾಣುವುದು ನನ್ನದೇ ರೆಪ್ಪೆಗೂದಲು. ಆದರೂ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಕೆಲವು ವರ್ಷಗಳಿಂದ ಒಂದೇ ವಿಷಯ ಕೊಡುತ್ತ ಬಂದಿದ್ದೇನೆ: ಕೊರಳಪಟ್ಟಿಯ ಬೆಳವ ಉತ್ತರ ಅಮೆರಿಕದಲ್ಲಿ ಹರಡಿದ ಬಗೆಯನ್ನು ಹಕ್ಕಿ ವೀಕ್ಷಕರ ದಾಖಲೆಗಳಿಂದ ಅಳೆಯುವುದು. ತೊಗರಿಯ ಧಾರಣೆ ಇದೆ, ಮಳೆಯ ಅಂಕಿ ಇದೆ, ಅದೆಲ್ಲ ಬಿಟ್ಟು ಹಕ್ಕಿಯೇ ಎಂದು ಸಹೋದ್ಯೋಗಿಗಳು ನಗುತ್ತಾರೆ. ಧಾರಣೆ ಬರೆಯಲು ಎಪಿಎಂಸಿಯಲ್ಲಿ ಸಂಬಳದ ಗುಮಾಸ್ತರಿದ್ದಾರೆ. ಮಳೆ ಅಳೆಯಲು ನಿಂತಲ್ಲೇ ನಿಂತಿರುವ ಮಾಪಕವಿದೆ. ಹಕ್ಕಿಯ ದಾಖಲೆ ಹಾಗಲ್ಲ. ಯಾರೋ ತಮಗೆ ಬಿಡುವಾದಾಗ, ತಮಗೆ ಇಷ್ಟವಾದ ಕಡೆ ಹೋಗಿ, ಕಂಡದ್ದನ್ನು ಬರೆದಿಟ್ಟದ್ದು. ನನ್ನ ವಿದ್ಯಾರ್ಥಿಗಳು ಮುಂದೆ ಯಾವ ಕಚೇರಿಯಲ್ಲಿ ಕುಳಿತರೂ ಅವರ ಮೇಜಿಗೆ ಬರುವ ಅಂಕಿಗಳಲ್ಲಿ ಹೆಚ್ಚಿನವು ಇಂಥವೇ ಆಗಿರುತ್ತವೆ.

ಈ ಹಕ್ಕಿ ನಮಗೆ ಹೊಸದಲ್ಲ. ಮಾಸಲು ಬೂದು ಮೈ, ಕತ್ತಿನ ಹಿಂಬದಿಗೆ ಅರ್ಧ ಸುತ್ತು ಕಪ್ಪು ಪಟ್ಟಿ, ಮೂರು ಸ್ವರದ ಕೂಗು, ಅದರಲ್ಲಿ ನಡುವಿನದ್ದಕ್ಕೆ ಒತ್ತು. ಜೋಳದ ಹೊಲದ ಬದುವಿನಲ್ಲಿ, ವಿದ್ಯುತ್ ತಂತಿಯ ಮೇಲೆ, ಜಾಲಿಯ ಕೊಂಬೆಯಲ್ಲಿ ಇದನ್ನು ನೋಡದೆ ನಮ್ಮ ಭಾಗದಲ್ಲಿ ಯಾರೂ ಬೆಳೆದಿಲ್ಲ. ಭಾರತದಿಂದ ಪಶ್ಚಿಮ ಏಷ್ಯಾದವರೆಗೆ ಇದರ ಹಳೆಯ ನೆಲೆ. 1900ರ ಸುಮಾರಿಗೆ ಯುರೋಪಿನಲ್ಲಿ ಬಾಲ್ಕನ್ ಪ್ರದೇಶವನ್ನು ದಾಟಿರಲಿಲ್ಲ. 1930ರ ದಶಕದ ಹೊತ್ತಿಗೆ ವಾಯವ್ಯದ ದಿಕ್ಕು ಹಿಡಿದು ಹೊರಟಿತು. 1955ರಲ್ಲಿ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಗೂಡು ಕಟ್ಟಿತು. ಇಷ್ಟೂ ದೂರ ತನ್ನ ರೆಕ್ಕೆಯ ಬಲದಿಂದಲೇ ಹೋಯಿತು.

ಅಟ್ಲಾಂಟಿಕ್ ದಾಟಿಸಿದವರು ಮಾತ್ರ ಮನುಷ್ಯರು. 1974ರಲ್ಲಿ ಬಹಾಮಾಸ್‌ನ ನಸ್ಸಾವಿನಲ್ಲಿ ಸಾಕುಹಕ್ಕಿಗಳ ಅಂಗಡಿಯೊಂದಕ್ಕೆ ಕಳ್ಳರು ನುಗ್ಗಿದಾಗ ಕೆಲವು ಬೆಳವಗಳು ಹಾರಿಹೋದವು. ಅಂಗಡಿಯ ಮಾಲೀಕರು ಉಳಿದ ಸುಮಾರು 50 ಹಕ್ಕಿಗಳನ್ನೂ ಬಿಟ್ಟುಬಿಟ್ಟರು. ಅಲ್ಲಿಂದ ಫ್ಲಾರಿಡಾ, ಫ್ಲಾರಿಡಾದಿಂದ ಮತ್ತೆ ಅದೇ ವಾಯವ್ಯ. 2000ರ ದಶಕ ಮುಗಿಯುವುದರೊಳಗೆ ಪೆಸಿಫಿಕ್ ತೀರದ ರಾಜ್ಯಗಳಲ್ಲೂ ಇತ್ತು. ಹಕ್ಕಿ ಅಲ್ಲಿಗೆ ಹೋಯಿತು. ಅದೇ ಖಂಡದ ಬಳ್ಳಾರಿ ಜಾಲಿ ಇಲ್ಲಿಗೆ ಬಂದು ನಮ್ಮ ಗೋಮಾಳಗಳನ್ನೆಲ್ಲ ನುಂಗಿತು. ವಿನಿಮಯದಲ್ಲಿ ನಷ್ಟ ನಮಗೇ ಎಂದು ನನ್ನ ಅಭಿಪ್ರಾಯ, ಆದರೆ ಅದು ಬೇರೆ ಲೇಖನದ ಮಾತು.

ವಿದ್ಯಾರ್ಥಿಗಳು ಮಾಡುವ ಮೊದಲ ನಕ್ಷೆ ಪ್ರತಿ ವರ್ಷವೂ ಒಂದೇ ತರಹ. ಹಕ್ಕಿ ವೀಕ್ಷಕರು ಕಂಡದ್ದನ್ನು ಬರೆದಿಡುವ ಇ-ಬರ್ಡ್ ಜಾಲತಾಣದಲ್ಲಿ ಕೇಳಿ ಪಡೆದ ದಾಖಲೆಗಳಿಂದ ಐದೈದು ವರ್ಷಕ್ಕೊಂದು ನಕ್ಷೆ, ಬೆಳವ ಕಂಡಲ್ಲೆಲ್ಲ ಒಂದು ಕೆಂಪು ಚುಕ್ಕಿ. ಆಗ್ನೇಯ ಮೂಲೆಯಲ್ಲಿ ಆರಂಭವಾದ ಕೆಂಪು ನಕ್ಷೆಯಿಂದ ನಕ್ಷೆಗೆ ಖಂಡವನ್ನೇ ಆವರಿಸುತ್ತದೆ. ನೋಡಲು ಬಹಳ ಚೆನ್ನ. ಪ್ರಾಜೆಕ್ಟ್ ಮುಗಿಯಿತೆಂದು ತರಗತಿಗೆ ತರಗತಿಯೇ ನಿರಾಳವಾಗುತ್ತದೆ. ಆಗ ಎರಡನೆಯ ಕೆಲಸ ಹೇಳುತ್ತೇನೆ: ಇದೇ ಹಕ್ಕಿ, ಇದೇ ವಿಧಾನ, ಆದರೆ ಜಿಲ್ಲೆಗಳು ಕಲಬುರಗಿ, ಬೀದರ್, ಯಾದಗಿರಿ.

ಆ ನಕ್ಷೆ ಬಂದಾಗ ಕಂಪ್ಯೂಟರ್ ಲ್ಯಾಬಿನಲ್ಲಿ ಗುಸುಗುಸು ಏಳುತ್ತದೆ. ಮೊದಮೊದಲ ವರ್ಷಗಳಲ್ಲಿ ಮೂರೂ ಜಿಲ್ಲೆಗಳು ಹೆಚ್ಚುಕಡಿಮೆ ಖಾಲಿ. ಆಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕಿ, ಇತ್ತೀಚಿನ ವರ್ಷಗಳಲ್ಲಿ ಚುಕ್ಕಿಗಳ ಗುಂಪು. ಅಮೆರಿಕದ ನಕ್ಷೆಯನ್ನು ನಂಬುವುದಾದರೆ ಇದನ್ನೂ ನಂಬಬೇಕು. ಅಂದರೆ ಬೆಳವ ನಮ್ಮ ಜಿಲ್ಲೆಗಳಿಗೆ ಮೊನ್ನೆ ಮೊನ್ನೆ ದಾಳಿಯಿಟ್ಟಿದೆ. ಸೇಡಂ ಕಡೆಯ ಹುಡುಗಿಯೊಬ್ಬಳು ಒಮ್ಮೆ ಎದ್ದು ನಿಂತು, "ಹಾಗಾದರೆ ನಮ್ಮ ಅಜ್ಜನ ಹೊಲದಲ್ಲಿ ಇದ್ದದ್ದು ಏನು ಸರ್?" ಎಂದು ಕೇಳಿದಳು. ನಾನು ಕಾಯುತ್ತಿದ್ದದ್ದು ಆ ಪ್ರಶ್ನೆಗೇ. ಉತ್ತರ ಮೊದಲೇ ಗೊತ್ತಿರುವ ಜಾಗದಲ್ಲಿ ವಿಧಾನವನ್ನು ಓಡಿಸಿ ನೋಡುವುದು ನನಗೆ ಈ ಕೆಲಸದಲ್ಲಿ ಸಿಕ್ಕ ಅತ್ಯಂತ ಉಪಯುಕ್ತ ಉಪಾಯ. ಅಲ್ಲಿ ಅದು ಸುಳ್ಳು ಹೇಳಿದರೆ, ಗೊತ್ತಿಲ್ಲದ ಜಾಗದಲ್ಲಿ ಹೇಳಿದ್ದಕ್ಕೆ ತಲೆದೂಗುವ ಮುನ್ನ ಇನ್ನೊಂದು ಸಾಕ್ಷಿ ಬೇಕಾಗುತ್ತದೆ.

ಇ-ಬರ್ಡ್ ಆರಂಭವಾದದ್ದು 2002ರಲ್ಲಿ. ಭಾರತದಲ್ಲಿ ಫೆಬ್ರವರಿಯ ಹಕ್ಕಿ ಎಣಿಕೆಗೆ ಜನ ಸೇರತೊಡಗಿದ್ದು 2013ರಿಂದ. ನಮ್ಮ ಕಡೆ ಆ ಗಾಳಿ ಬೀಸಿದ್ದು ಅದಕ್ಕೂ ತಡವಾಗಿ. ಅಂದರೆ ಇಲ್ಲಿ ಹರಡುತ್ತಿದ್ದವರು ಮೊಬೈಲ್ ಹಿಡಿದ ವೀಕ್ಷಕರು. ಬೆಳವ ಇದ್ದಲ್ಲೇ ಇತ್ತು. ಚುಕ್ಕಿಗಳು ಎಲ್ಲಿವೆ ನೋಡಿ: ವಿಶ್ವವಿದ್ಯಾಲಯದ ಆವರಣ, ಶರಣಬಸವೇಶ್ವರ ಕೆರೆ, ಚಿಂಚೋಳಿಯ ಚಂದ್ರಂಪಳ್ಳಿ, ಬೀದರಿನ ಕಾರಂಜಾ ಜಲಾಶಯ, ಸುರಪುರದ ಬೋನಾಳ. ಆವರಣವೊಂದನ್ನು ಬಿಟ್ಟರೆ ವೀಕ್ಷಕರು ನೀರಹಕ್ಕಿ ನೋಡಲು ಹೋದ ಜಾಗಗಳು ಇವು. ಒಣಭೂಮಿಯ ಬೆಳವವನ್ನು ಅವರು ಬರೆದದ್ದು ದಾರಿಯಲ್ಲಿ ಸಿಕ್ಕಿತೆಂದು. ತೊಗರಿ ಹೊಲದ ನಡುವೆ ಬೆಳವ ಎಣಿಸಲೆಂದೇ ಯಾರೂ ಹೋಗುವುದಿಲ್ಲ.

ಆದ್ದರಿಂದ ಛೇದ. ಎಷ್ಟು ಸಲ ಕಂಡಿತು ಎನ್ನುವುದು ಅಂಶ ಮಾತ್ರ. ಎಷ್ಟು ಸಲ ನೋಡಲು ಹೋದರು ಎನ್ನುವುದು ಛೇದ. ವೀಕ್ಷಕರು ಒಂದು ಸಲ ಹೋಗಿ ಬಂದು ಕಂಡ ಹಕ್ಕಿಗಳನ್ನು ಬರೆದದ್ದು ಒಂದು ಪಟ್ಟಿ. ಒಂದು ವರ್ಷ ಇಂಥ 4 ಪಟ್ಟಿಗಳಿದ್ದು 3ರಲ್ಲಿ ಬೆಳವ ಇತ್ತೆಂದಿಟ್ಟುಕೊಳ್ಳಿ, ಇನ್ನೊಂದು ವರ್ಷ 400ರಲ್ಲಿ 300. ಚುಕ್ಕಿ ನೂರು ಪಟ್ಟು ಹೆಚ್ಚಿತು, ಅನುಪಾತ ಕದಲಲಿಲ್ಲ. ಇ-ಬರ್ಡ್‌ನಲ್ಲಿ ಪಟ್ಟಿ ಮುಗಿಸುವಾಗ, ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಎಂದು ಒಂದು ಪ್ರಶ್ನೆ ಬರುತ್ತದೆ. ಹೌದು ಎಂದರೆ ಅದು ಪೂರ್ಣ ಪಟ್ಟಿ. ಅದರಲ್ಲಿ ಬೆಳವದ ಹೆಸರಿಲ್ಲದಿದ್ದರೆ, ಆ ವ್ಯಕ್ತಿ ನೋಡಿದರೂ ಕಾಣಲಿಲ್ಲ ಎಂದು ಅರ್ಥ. ಆ ಒಂದು ಗುಂಡಿ ಇರದಿದ್ದರೆ ಈ ಪ್ರಾಜೆಕ್ಟೇ ಇರುತ್ತಿರಲಿಲ್ಲ. ಪೂರ್ಣ ಪಟ್ಟಿಗಳನ್ನಷ್ಟೇ ಇಟ್ಟುಕೊಂಡು ಭಾಗಿಸಿದ ಮೇಲೆ ನಮ್ಮ ಮೂರು ಜಿಲ್ಲೆಗಳ ದಾಳಿ ಕರಗಿಹೋಗುತ್ತದೆ. ಅಮೆರಿಕದ್ದು ಕರಗುವುದಿಲ್ಲ, ಭಾಗಿಸಿದರೂ ಏರುತ್ತದೆ. ಇನ್ನೂ ಸ್ವಾರಸ್ಯವಾದದ್ದು ಅಲ್ಲಿನ ಈಶಾನ್ಯ ರಾಜ್ಯಗಳು. ಅಲ್ಲಿ ವೀಕ್ಷಕರು ಕಿಕ್ಕಿರಿದಿದ್ದಾರೆ, ಪಟ್ಟಿಗಳಿಗೆ ಲೆಕ್ಕವಿಲ್ಲ, ಬೆಳವ ಮಾತ್ರ ಇವತ್ತಿಗೂ ಅಪರೂಪ. ನಮ್ಮ ಹಳೆಯ ನಕ್ಷೆಯ ಖಾಲಿಗೂ ಆ ಖಾಲಿಗೂ ಅಜಗಜಾಂತರ: ನಮ್ಮದು ಯಾರೂ ಹೋಗದ ಖಾಲಿ, ಅವರದು ಸಾವಿರಾರು ಜನ ಹೋಗಿ ನೋಡಿದ ಖಾಲಿ. ಬಣ್ಣ ಮಾತ್ರ ಎರಡಕ್ಕೂ ಬಿಳಿ.

ಹಳಬರಿಗೆ ಇದು ಗೊತ್ತಿತ್ತು. ಅಮೆರಿಕದ ಕ್ರಿಸ್‌ಮಸ್ ಹಕ್ಕಿ ಗಣತಿ 1900ರಿಂದ ನಡೆದಿದೆ. ಹಕ್ಕಿಯ ಜೊತೆಗೆ ಎಷ್ಟು ತಂಡಗಳು ಎಷ್ಟು ಗಂಟೆ ಸುತ್ತಿದವು ಎಂಬುದನ್ನೂ ಅವರು ದಾಖಲಿಸುತ್ತಾರೆ. ಚಳಿಗಾಲದಲ್ಲಿ ಮನೆಯಂಗಳದ ಕಾಳಿನ ತಟ್ಟೆಗೆ ಬರುವ ಹಕ್ಕಿಗಳನ್ನು ಎಣಿಸುವ ಫೀಡರ್‌ವಾಚ್ ಯೋಜನೆಯಲ್ಲಿ ಇನ್ನೊಂದು ನಿಯಮ ಇದೆ: ದಿನವಿಡೀ ಬಂದುಹೋದವನ್ನು ಕೂಡಿಸುವಂತಿಲ್ಲ, ಒಂದೇ ಹೊತ್ತಿನಲ್ಲಿ ಒಟ್ಟಿಗೆ ಕಂಡ ಗರಿಷ್ಠ ಸಂಖ್ಯೆಯನ್ನಷ್ಟೇ ಬರೆಯಬೇಕು. ಹೋದ ಹಕ್ಕಿಯೇ ಮತ್ತೆ ಬಂದರೆ ಎರಡು ಸಲ ಎಣಿಸಿದಂತಾಗಬಾರದಲ್ಲ.

ಈ ನಿಯಮದ ಬೆಲೆ ತಿಳಿಯಲು ನಾವು ಕಲಬುರಗಿಯ ಧಾನ್ಯದ ಮಾರುಕಟ್ಟೆ ನೆಹರು ಗಂಜ್‌ಗೆ ಹೋಗುತ್ತೇವೆ. ತೊಗರಿಯ ಆವಕ ಜೋರಾಗಿರುವ ಜನವರಿಯಲ್ಲಿ ಬೆಳಿಗ್ಗೆ ಬೇಗ ಹೋದರೆ, ಚೀಲ ಇಳಿಸುವ ಹಮಾಲರ ಕಾಲ ಬಳಿಯೇ ಪಾರಿವಾಳ, ಬೆಳವ, ಗುಬ್ಬಿ ಎಲ್ಲವೂ ಚೆಲ್ಲಿದ ಕಾಳಿಗೆ ಮುಗಿಬಿದ್ದಿರುತ್ತವೆ. ಲಾರಿ ಹಾರ್ನ್ ಹೊಡೆದರೆ ಅಷ್ಟೂ ಎದ್ದು ತಗಡಿನ ಮಾಡಿನ ಮೇಲೆ ಕುಳಿತು, ಅರ್ಧ ನಿಮಿಷಕ್ಕೆ ಮತ್ತೆ ಇಳಿಯುತ್ತವೆ. ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ಪರಸ್ಪರ ಮಾತಾಡದಂತೆ ಎಣಿಸಲು ಹೇಳುತ್ತೇನೆ. ಮೂರು ಗುಂಪಿಗೆ ಮೂರು ಲೆಕ್ಕ. ಇಳಿದಾಗಲೆಲ್ಲ ಕೂಡಿಸುತ್ತ ಹೋದವರ ಲೆಕ್ಕ ಆಕಾಶಕ್ಕೆ. ಒಮ್ಮೆ ಹಮಾಲರೊಬ್ಬರು ಪೆನ್ನು ಕೇಳಿ ಪಡೆದು, ತಮ್ಮ ಅಂದಾಜನ್ನೂ ನಮ್ಮ ಹಾಳೆಯ ಅಂಚಿನಲ್ಲಿ ಬರೆದರು. ಚೀಲ ಎಣಿಸಿ ಪಳಗಿದ ಕಣ್ಣು. ಗರಿಷ್ಠ ಬರೆದುಕೊಂಡ ಗುಂಪಿನ ಸಂಖ್ಯೆಗೆ ಅದೇ ಎಲ್ಲಕ್ಕಿಂತ ಹತ್ತಿರವಾಗಿತ್ತು.

ಎಣಿಕೆಗೂ ಮೊದಲು ಗುರುತು. ಗಂಜ್‌ನಲ್ಲಿ ಕೊರಳಪಟ್ಟಿಯ ಬೆಳವದ ಪಕ್ಕದಲ್ಲೇ ಅದಕ್ಕಿಂತ ಚಿಕ್ಕದಾದ, ಎದೆಯಲ್ಲಿ ಚುಕ್ಕೆಗಳಿರುವ ಕಂದು ಬೆಳವವೂ ಇರುತ್ತದೆ. ಅದನ್ನು ಬೇರೆ ಮಾಡುವುದು ಸುಲಭ. ತೊಡಕು ಬರುವುದು ಕೆಂಪು ಬೆಳವದಲ್ಲಿ. ಅದರ ಗಂಡಿನ ಇಟ್ಟಿಗೆಗೆಂಪು ಮೈ ಯಾರನ್ನೂ ಏಮಾರಿಸುವುದಿಲ್ಲ. ಹೆಣ್ಣು ಮಾಸಲು, ಕತ್ತಿನಲ್ಲಿ ಅದೇ ಕಪ್ಪು ಪಟ್ಟಿ. ಗಾತ್ರ ಚಿಕ್ಕದು, ಬಾಲ ಮೋಟು ಎಂದು ಗಮನಿಸದಿದ್ದರೆ ಅದು ಪಟ್ಟಿಯ ಬೆಳವದ ಖಾತೆಗೇ ಜಮಾ. ಫ್ಲಾರಿಡಾದಲ್ಲಿ ಆದದ್ದೂ ಇಂಥದ್ದೇ. ಅಲ್ಲಿ ಸಾಕುಬೆಳವವೊಂದು ಮೊದಲೇ ಇತ್ತು; ಅದಕ್ಕೂ ಕತ್ತಿನಲ್ಲಿ ಪಟ್ಟಿ. ಹೊಸದಾಗಿ ಬಂದ ನಮ್ಮ ಹಕ್ಕಿಯನ್ನು ವರ್ಷಗಳ ಕಾಲ ಅದೆಂದೇ ಬರೆದುಕೊಂಡರು. 1980ರ ದಶಕದ ನಡುಭಾಗ ದಾಟಿದ ಮೇಲೆ, ಬಾಲದಡಿಯ ಗರಿ ಬಿಳಿಯಲ್ಲ, ಬೂದು; ಕೂಗೂ ಬೇರೆ ಎಂದು ಗಮನಿಸಿದವರು ಎಚ್ಚರಿಸಿದರು. ಅಷ್ಟರಲ್ಲಿ ಅದು ಬೇರೂರಿಯಾಗಿತ್ತು. ಆದ್ದರಿಂದ ಮೊದಮೊದಲ ವರ್ಷಗಳ ಅಂಶವೇ ಕಡಿಮೆ ಬಿದ್ದಿದೆ; ಅದನ್ನು ಯಾವ ಛೇದವೂ ಸರಿಪಡಿಸುವುದಿಲ್ಲ.

ಇ-ಬರ್ಡ್‌ನಲ್ಲಿ ಈಗ ಜರಡಿ ಇದೆ. ಒಂದು ಪ್ರದೇಶಕ್ಕೆ ಅಪರೂಪದ ಹಕ್ಕಿಯನ್ನು ಬರೆದರೆ ವಿವರ ಕೇಳುತ್ತದೆ, ಸ್ಥಳೀಯ ಪರಿಶೀಲಕರು ನೋಡುತ್ತಾರೆ. ಹೊಸ ರಾಜ್ಯಕ್ಕೆ ಕಾಲಿಟ್ಟ ಬೆಳವಕ್ಕೆ ಈ ತಪಾಸಣೆ ತಪ್ಪದು. ನಮ್ಮ ಜಿಲ್ಲೆಯಲ್ಲಿ ಅದು ಸಾಮಾನ್ಯ ಹಕ್ಕಿ, ಯಾರೂ ಏನೂ ಕೇಳುವುದಿಲ್ಲ. ಹೀಗಾಗಿ ಅಪರೂಪದ್ದಕ್ಕೆ ಇರುವಷ್ಟು ಖಾತರಿ ಸಾಮಾನ್ಯದ್ದಕ್ಕೆ ಇರುವುದಿಲ್ಲ. ಇದನ್ನು ಹೇಳಿದರೆ ವಿದ್ಯಾರ್ಥಿಗಳು ನಂಬುವುದಿಲ್ಲ, ಗಂಜ್‌ಗೆ ಹೋಗಿ ಬಂದ ಮೇಲೆ ನಂಬುತ್ತಾರೆ.

ಸಣ್ಣದೊಂದು ತಾಂತ್ರಿಕ ಮಾತು. ಒಟ್ಟಿಗೆ ಹೋದವರು ಪಟ್ಟಿಯನ್ನು ಹಂಚಿಕೊಂಡರೆ ಅದೇ ಪಟ್ಟಿ ಒಬ್ಬೊಬ್ಬರ ಹೆಸರಿನಲ್ಲೂ ಬರುತ್ತದೆ. ಗುಂಪಿನ ಸಂಖ್ಯೆ ನೋಡಿ ಒಂದನ್ನಷ್ಟೇ ಉಳಿಸಿಕೊಳ್ಳಬೇಕು. ಕಾಲೇಜುಗಳೇ ಹೆಚ್ಚಾಗಿ ಎಣಿಸುವ ನಮ್ಮಂಥ ಜಿಲ್ಲೆಯಲ್ಲಿ ಇದನ್ನು ಬಿಟ್ಟರೆ ಅಂಶ, ಛೇದ ಎರಡೂ ಕೆಡುತ್ತವೆ.

ಈ ವರ್ಷದಿಂದ ಪ್ರಾಜೆಕ್ಟಿನಲ್ಲಿ ಒಂದು ಷರತ್ತು ಸೇರಿಸಿದ್ದೇನೆ. ಪ್ರತಿಯೊಬ್ಬರೂ ತಮ್ಮ ಊರಿನ ಹೊಲದಲ್ಲಿ, ಹೊತ್ತು ಮತ್ತು ನಡೆದ ದೂರ ಬರೆದು, ಪೂರ್ಣ ಪಟ್ಟಿಗಳನ್ನು ಮಾಡಬೇಕು. ಬೆಳವ ಕಾಣದ ಪಟ್ಟಿಗಳನ್ನೂ ಒಪ್ಪಿಸಬೇಕು, ಅದಕ್ಕೂ ಅಷ್ಟೇ ಅಂಕ. ಕಾಣದ ಪಟ್ಟಿಯನ್ನು ಒಪ್ಪಿಸಲು ಹುಡುಗರಿಗೆ ಬಹಳ ಸಂಕೋಚ, ಮನೆಪಾಠ ಮಾಡದೆ ಬಂದವರ ಮುಖ. ಶಹಾಪುರ ಕಡೆಯ ಒಬ್ಬ ಮಾತ್ರ ಅಂಥವನ್ನೇ ಹೆಚ್ಚು ತಂದಿದ್ದಾನೆ. ಕೃಷ್ಣೆಯ ಕಾಲುವೆ ನೀರು ಹರಿಯುವ ಭತ್ತದ ಗದ್ದೆಯ ಅಂಚಿನಲ್ಲಿ ನಡೆದಾಗ ಬೆಳ್ಳಕ್ಕಿ ತುಂಬ, ಬೆಳವ ಇಲ್ಲ. ಕಾಲುವೆ ದಾಟಿ ಒಣಭೂಮಿಗೆ ಬಂದರೆ ತಂತಿಯ ಮೇಲೆ ಸಾಲು. ಇದು ನೀರಾವರಿಯ ಪರಿಣಾಮವೋ, ಅವನು ಗದ್ದೆಗೆ ಹೋದ ಹೊತ್ತಿನ ಪರಿಣಾಮವೋ ಎಂದು ಕೇಳಿದೆ. ಹಾಗಿದ್ದರೆ ಎರಡೂ ಕಡೆ ಒಂದೇ ಹೊತ್ತಿಗೆ ಹೋಗಬೇಕಲ್ಲ ಎಂದು, ತಮ್ಮನನ್ನು ಕಾಲುವೆಯ ಆಚೆ ನಿಲ್ಲಿಸಲು ಹೊರಟಿದ್ದಾನೆ. ತಮ್ಮನಿಗೆ ಕೆಂಪು ಬೆಳವದ ಹೆಣ್ಣನ್ನು ಗುರುತಿಸಲು ಮೊದಲು ಕಲಿಸು ಎಂದಿದ್ದೇನೆ.