ಸತ್ತರಿಯ ತೋಪಿನಲ್ಲಿ ರೆಂಬೆಗಳ ಬೇಲು

ಧಾರವಾಡದಿಂದ ಹಳಿಯಾಳ, ದಾಂಡೇಲಿ, ರಾಮನಗರಗಳನ್ನು ಹಾದು ಅನಮೋಡ ಘಾಟಿನಲ್ಲಿ ಗೋವಾಕ್ಕೆ ಇಳಿಯುವ ದಾರಿ ಕಟ್ಟಿಗೆಯ ದಾರಿಯೇ ಹೌದು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಗೆ ಹೋಗುವ ದಿಮ್ಮಿಗಳ ಲಾರಿಗಳು ದಾಂಡೇಲಿಯ ಆಸುಪಾಸಿನಲ್ಲಿ ಇಂದಿಗೂ ಕಾಣುತ್ತವೆ. ಕಾಗದದ ತಿರುಳಿಗೆ ಬೇಕಾಗುವುದು ಕಟ್ಟಿಗೆಯ ಚೂರೇ ಆದರೂ ಆ ಚೂರನ್ನು ಇಲ್ಲಿ ಸಾಮಾನ್ಯವಾಗಿ ಕಾಡಿನಲ್ಲಿ ಮಾಡಿ ತರುವುದಿಲ್ಲ. ಮರ ದಿಮ್ಮಿಯಾಗಿಯೇ ಬಂದು, ಕಾರ್ಖಾನೆಯ ಅಂಗಳದಲ್ಲಿ ವಿದ್ಯುತ್ ಮೋಟಾರಿನ ಯಂತ್ರಕ್ಕೆ ಬಿದ್ದು ಚೂರಾಗುತ್ತದೆ. ದಿಮ್ಮಿಗೆ ಸಲ್ಲುವ ಈ ವಿವೇಕ ರೆಂಬೆಗಳಿಗೆ ಏಕೆ ಸಲ್ಲಬಾರದು ಎಂಬ ಪ್ರಶ್ನೆ ನನ್ನಲ್ಲಿ ಹಿಂದಿನಿಂದಲೂ ಇತ್ತು. ಪೋಂಡಾದಲ್ಲಿ ಕಟ್ಟಿಗೆ ಸಾಗಾಟದ ವ್ಯವಹಾರ ನಡೆಸುವ ಭಾವನವರು, ಗೋವಾದ ಸತ್ತರಿ ತಾಲೂಕಿನ ವಾಳಪೈ ಕಡೆಯ ಒಂದು ಖಾಸಗಿ ತೋಪಿನಲ್ಲಿ ಗೇರು ಮತ್ತು ಅಕೇಶಿಯಾ ರೆಂಬೆಗಳನ್ನು ಯಂತ್ರದಿಂದ ಒತ್ತಿ ಬೇಲು, ಅಂದರೆ ಹಗ್ಗ ಬಿಗಿದ ಕಟ್ಟು, ಕಟ್ಟುತ್ತಿದ್ದಾರೆಂದು ಫೋನಿನಲ್ಲಿ ಹೇಳಿದಾಗ ನಾನು ಹೊರಟುಬಿಟ್ಟೆ.

ಘಾಟು ಇಳಿದ ಮೇಲೆ ಮೊಲೆಂವರೆಗೆ ಎರಡೂ ಬದಿಗೆ ಭಗವಾನ್ ಮಹಾವೀರ ಅಭಯಾರಣ್ಯ. ರಸ್ತೆಯ ಅಂಚಿನಲ್ಲೇ ಬಿದ್ದು ಒಣಗಿದ ಮರಗಳು, ಗಾಳಿಗೆ ಮುರಿದ ಕೊಂಬೆಗಳು ಸಾಲುಸಾಲಾಗಿ ಕಾಣುತ್ತವೆ. ಇಷ್ಟೊಂದು ಕಟ್ಟಿಗೆ ವ್ಯರ್ಥವಾಗುತ್ತಿದೆಯಲ್ಲ ಎಂದು ಪ್ರಯಾಣಿಕರು ಮರುಗುವುದುಂಟು. ಆ ಮರುಕಕ್ಕೆ ಇಲ್ಲಿ ಆಧಾರವಿಲ್ಲ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ ಅಥವಾ ಗಾಳಿಗೆ ಬಿದ್ದ ಮರಗಳನ್ನು ತೆಗೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯವು ಅರಣ್ಯ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ 2000ದ ಫೆಬ್ರವರಿ 14ರಂದು ಆದೇಶಿಸಿತು. ಗೆದ್ದಲಿಗೆ, ಅಣಬೆಗೆ, ಮರಕುಟಿಗಕ್ಕೆ ಆ ಕೊಳೆಯುವ ಮರವೇ ಮನೆ ಮತ್ತು ಊಟ. ನಾನು ಬರೆಯುತ್ತಿರುವ ಬೇಲಿನ ಮಾತೆಲ್ಲ ನೆಟ್ಟು ಬೆಳೆಸಿದ ತೋಪುಗಳಿಗೆ, ಗೇರು ತೋಟಗಳಿಗೆ, ಗಣಿ ಮಣ್ಣಿನ ಗುಡ್ಡೆಗಳ ಮೇಲೆ ಹಾಕಿದ ಅಕೇಶಿಯಾಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪೋಂಡಾದಲ್ಲಿ ಊಟವಾದ ಮೇಲೆ ಭಾವನವರು ಗೋವಾದ ಕಟ್ಟಿಗೆ ಮಾರುಕಟ್ಟೆಯ ಒಳಗುಟ್ಟನ್ನು ಬಿಡಿಸಿಟ್ಟರು. ಪಾವು ಸುಡುವ ಹಳೆಯ ಬೇಕರಿಗಳ ಒಲೆಗೂ, ಮಾರ್ಚ್‌ನಿಂದ ಮೇವರೆಗೆ ಉರಿಯುವ ಫೆನಿ ಭಟ್ಟಿಗಳಿಗೂ ದಪ್ಪ ತುಂಡುಗಳೇ ಬೇಕು. "ದಪ್ಪ ತುಂಡಿಗೆ ಗಿರಾಕಿ ಸಾಲಿಗೆ ನಿಂತಿರ್ತಾರ ತಮ್ಮಾ, ಮುಂಗೈ ಗಾತ್ರಕ್ಕಿಂತ ಸಣ್ಣದು ಯಾರಿಗೂ ಬ್ಯಾಡ" ಎಂದರು. ಬೇಡವಾದ ಆ ಸಣ್ಣ ರೆಂಬೆಗಳು ತೋಟದ ಅಂಚಿನಲ್ಲಿ ರಾಶಿಯಾಗಿ ಒಣಗುತ್ತವೆ, ಬೇಸಿಗೆಯಲ್ಲಿ ಯಾರೋ ಕಡ್ಡಿ ಗೀರುತ್ತಾರೆ. 2023ರ ಮಾರ್ಚ್‌ನಲ್ಲಿ ಮಹದಾಯಿ ಅಭಯಾರಣ್ಯಕ್ಕೆ ಬೆಂಕಿ ಬಿದ್ದು, ನೌಕಾಪಡೆಯ ಹೆಲಿಕಾಪ್ಟರುಗಳು ಬಕೆಟ್ಟಿನಲ್ಲಿ ನೀರು ತಂದು ಸುರಿಯಬೇಕಾದ ಮೇಲೆ ಸತ್ತರಿ ತಾಲೂಕಿನವರಿಗೆ ಒಣ ರಾಶಿಯ ಬಗ್ಗೆ ಭಯ ಹುಟ್ಟಿದೆ.

ಮರುದಿನ ಬೆಳಿಗ್ಗೆ ಉಸಗಾಂವದ ಮೇಲೆ ಹಾದು ವಾಳಪೈ ತಲುಪಿ, ಅಲ್ಲಿಂದ ಕೆಮ್ಮಣ್ಣಿನ ಏರುದಾರಿಯಲ್ಲಿ ತೋಪಿಗೆ ಹೋದೆವು. ಕೆಲಸಕ್ಕಿದ್ದವರೆಲ್ಲ ವಿಜಯಪುರ, ಬಾಗಲಕೋಟೆ ಕಡೆಯವರು; ಗೋವಾದ ಮಣ್ಣು ಕಲ್ಲಿನ ಕೆಲಸಗಳಲ್ಲಿ ಕನ್ನಡದ ಮಾತು ಕೇಳಿಸದ ಜಾಗವೇ ಕಡಿಮೆ. ರದ್ದಿ ಕಾಗದ ಒತ್ತುವ ಹೈಡ್ರಾಲಿಕ್ ಯಂತ್ರವನ್ನು ಟ್ರೇಲರಿನ ಮೇಲೆ ಕೂರಿಸಿ, ಟ್ರ್ಯಾಕ್ಟರಿನಿಂದ ಶಕ್ತಿ ಕೊಟ್ಟು, ಬಾಯಿಯ ಅಂಚಿಗೆ ಕತ್ತರಿಸುವ ಅಲಗೊಂದನ್ನು ಸೇರಿಸಿದ್ದರು. ಇಬ್ಬರು ರೆಂಬೆಗಳನ್ನು ಉದ್ದಕ್ಕೆ ಹೊಂದಿಸಿ ಒಳಗೆ ಹಾಕುತ್ತಾರೆ. ಒತ್ತುಹಲಗೆ ನಿಧಾನವಾಗಿ ಇಳಿಯುತ್ತದೆ. ಹೊರಗೆ ಚಾಚಿದ ತುದಿಗಳನ್ನು ಅಲಗು ಕತ್ತರಿಸುತ್ತದೆ. ಪೆಟ್ಟಿಗೆ ತುಂಬುವವರೆಗೆ ಹೀಗೆಯೇ ಹಾಕಿ ಒತ್ತಿ, ಒತ್ತಡ ಬಿಡುವ ಮೊದಲೇ ಹಗ್ಗ ಬಿಗಿದು ಬೇಲನ್ನು ಹೊರಕ್ಕೆ ತಳ್ಳುತ್ತಾರೆ. ಗೇರಿನ ರೆಂಬೆ ಲಟಲಟನೆ ಮುರಿದು ಸುಮ್ಮನಾಗುತ್ತದೆ, ಅಕೇಶಿಯಾದ ರೆಂಬೆ ಮಾತ್ರ ಸೆಟೆದು ಮತ್ತೆ ಎದ್ದು ನಿಲ್ಲುತ್ತದೆ. ಆದುದರಿಂದ ಅಕೇಶಿಯಾವನ್ನು ಒತ್ತಿದ ಮೇಲೆ ತುಸು ಹೊತ್ತು ಒತ್ತಡದಲ್ಲೇ ಹಿಡಿದಿಡುತ್ತಾರೆ.

ಹಿಂದಿನ ವರ್ಷ ಇದೇ ಗುಡ್ಡಕ್ಕೆ ಬಾಡಿಗೆಯ ಚಿಪ್ಪರ್, ಅಂದರೆ ಕಟ್ಟಿಗೆಯನ್ನು ಚೂರು ಮಾಡುವ ಯಂತ್ರ, ತಂದಿದ್ದರಂತೆ. ರೆಂಬೆಗಳನ್ನು ಎಳೆದು ತರುವಾಗ ಅಂಟಿಕೊಂಡ ಜಂಬಿಟ್ಟಿಗೆ ಹರಳು ಅದರ ಚಾಕುಗಳನ್ನು ಮೊಂಡು ಮಾಡುತ್ತಿತ್ತು. ಮೊಂಡಾದ ಚಾಕು ಕಟ್ಟಿಗೆಯನ್ನು ಕತ್ತರಿಸದೆ ಜಜ್ಜುತ್ತದೆ, ಡೀಸೆಲನ್ನೂ ಹೆಚ್ಚಾಗಿ ಕುಡಿಸುತ್ತದೆ. ಅದಕ್ಕಿಂತ ದೊಡ್ಡ ತೊಡಕನ್ನು ಟ್ರ್ಯಾಕ್ಟರ್ ಚಾಲಕ ಒಂದೇ ಉಸಿರಿನಲ್ಲಿ ಹೇಳಿದ: "ಚಿಪ್ಪರ್ ನಿಂತ್ರ ಲಾರಿ ನಿಲ್ತಿತ್ರೀ ಸರ, ಲಾರಿ ಬರ್ಲಿಲ್ಲಂದ್ರ ಚಿಪ್ಪರ್ ನಿಲ್ತಿತ್ತು. ಬಾಡಿಗಿ ಮಾತ್ರ ಎಲ್ಲೂ ನಿಲ್ಲಂಗಿಲ್ರೀ." ಚಿಪ್ಪರ್ ಚೂರನ್ನು ನೇರವಾಗಿ ಲಾರಿಯೊಳಕ್ಕೆ ಉಗುಳುವುದರಿಂದ ಎರಡೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಇರಲೇಬೇಕು. ಕಿರಿದಾದ ಘಟ್ಟದ ದಾರಿಯಲ್ಲಿ ಒಂದು ಲಾರಿ ತಡವಾದರೆ ಅತಿ ದುಬಾರಿಯ ಯಂತ್ರ ಕೈಕಟ್ಟಿ ಕೂರುತ್ತದೆ. ಬೇಲು ಈ ಗಂಟನ್ನು ಬಿಚ್ಚುತ್ತದೆ. ಇಂದು ಕಟ್ಟಿದ್ದು ದಾರಿಯ ಬದಿಯಲ್ಲಿ ವಾರಗಟ್ಟಲೆ ಕಾಯಬಲ್ಲದು. ಎತ್ತರದ ತಡೆಗೋಡೆಯಾಗಲಿ ಬಲೆಯಾಗಲಿ ಇಲ್ಲದ, ಊರಿಗೆ ಸಿಮೆಂಟು ತಂದು ಬರಿದಾಗಿ ಮರಳುವ ಯಾವ ಲಾರಿಯ ಮೇಲಾದರೂ ಅದು ಹೋಗಬಲ್ಲದು. ಸಡಿಲವಾಗಿ ತುಂಬಿದ ರೆಂಬೆಗಳ ಹೊರೆಯಲ್ಲಿ ನಿಜವಾದ ಕಟ್ಟಿಗೆಯ ಪಾಲು ಶೇಕಡ 20ರ ಆಚೀಚೆ, ಉಳಿದದ್ದೆಲ್ಲ ಗಾಳಿ. ಚೂರಿನಲ್ಲಿ ಅದು ಶೇಕಡ 40ರಷ್ಟಾಗುತ್ತದೆ, ಬಿಗಿಯಾಗಿ ಒತ್ತಿದ ಬೇಲು ಚೂರಿಗೆ ಸರಿಗಟ್ಟುತ್ತದೆ.

ಈ ಉಪಾಯವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದವರು ಫಿನ್ಲೆಂಡಿನವರು. ಟಿಂಬರ್‌ಜಾಕ್ 1490ಡಿ ಎಂಬ ಯಂತ್ರ, ಮುಂದೆ ಜಾನ್ ಡೀರ್ ಹೆಸರಿನಲ್ಲಿ ಬಂದದ್ದು, ಕಡಿತದ ನಂತರ ಉಳಿದ ರೆಂಬೆಗಳನ್ನು ಸುಮಾರು 70 ಸೆಂಟಿಮೀಟರ್ ವ್ಯಾಸದ, 3 ಮೀಟರ್ ಉದ್ದದ ಉರುಳೆಯಾಗಿ ಸುತ್ತಿ ಕಟ್ಟುತ್ತಿತ್ತು. ಅರ್ಧ ಟನ್ನಿನ ಆಸುಪಾಸು ತೂಗುವ ಅಂಥ ಒಂದು ಉರುಳೆಯಲ್ಲಿ ಸುಮಾರು 1 ಮೆಗಾವ್ಯಾಟ್-ಗಂಟೆಯಷ್ಟು ಉಷ್ಣಶಕ್ತಿ ಇರುತ್ತದೆ. ಪಿಯೆತರ್‌ಸಾರಿ ಊರಿನ ಆಲ್‌ಹೋಲ್ಮೆನ್ಸ್ ಕ್ರಾಫ್ಟ್ ವಿದ್ಯುತ್ ಸ್ಥಾವರ ಈ ಉರುಳೆಗಳನ್ನು ತನ್ನ ಅಂಗಳದಲ್ಲೇ ಪುಡಿಮಾಡಿ ಉರಿಸಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಫಾರೆಸ್ಟ್ ಕಾನ್ಸೆಪ್ಟ್ಸ್ ಸಂಸ್ಥೆ ಚೌಕಾಕಾರದ ಬೇಲನ್ನು ಆರಿಸಿಕೊಂಡಿತು. ನನ್ನ ಒಲವು ಚೌಕದ ಕಡೆಗೇ: ಒಂದರ ಮೇಲೊಂದು ನೇರವಾಗಿ ಪೇರಿಸಿದ ಉರುಳೆಗಳ ನಡುವೆ ಶೇಕಡ 21ರಷ್ಟು ಜಾಗ ಖಾಲಿ ಉಳಿಯುತ್ತದೆ, ಅಲ್ಲದೆ ಘಾಟಿನ ತಿರುವಿನಲ್ಲಿ ಉರುಳುವ ವಸ್ತುವನ್ನು ಹೇರಿಕೊಂಡು ಹೋಗುವುದು ಯಾವ ಚಾಲಕನಿಗೂ ಹಿಡಿಸುವುದಿಲ್ಲ.

ಬೇಲಿನ ಹೆಚ್ಚಿನ ಲಾಭ ಒಣಗುವಿಕೆಯಲ್ಲಿದೆ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅಂಥ ಒಂದು ಕಿಲೋ ಉರಿಸಿದರೆ ದಕ್ಕುವುದು ಸುಮಾರು 8 ಮೆಗಾಜೂಲ್, ತೇವ ಶೇಕಡ 30ಕ್ಕೆ ಇಳಿದ ಕಟ್ಟಿಗೆಯಾದರೆ ಕಿಲೋಗೆ 12ರಷ್ಟು. ಹಸಿ ಚೂರನ್ನು ರಾಶಿ ಹಾಕಿದರೆ ಗಾಳಿಯಾಡದೆ ಸೂಕ್ಷ್ಮಜೀವಿಗಳು ಅದನ್ನು ತಿನ್ನತೊಡಗಿ, ರಾಶಿಯ ಒಡಲು ಕೆಲವೇ ದಿನಗಳಲ್ಲಿ 60 ಡಿಗ್ರಿಗೆ ಏರಬಹುದು. ಬೂಷ್ಟು ಹಿಡಿಯುತ್ತದೆ, ಕಟ್ಟಿಗೆಯ ಸತ್ವವೇ ಕರಗುತ್ತದೆ, ದೊಡ್ಡ ರಾಶಿಗಳು ತಾವಾಗಿ ಹೊತ್ತಿಕೊಂಡದ್ದೂ ಉಂಟು. ಬೇಲಿನಲ್ಲಿ ರೆಂಬೆಗಳ ನಡುವಿನ ಸಂದುಗಳಲ್ಲಿ ಗಾಳಿ ಹಾಯುವುದರಿಂದ ಅದು ನಿಂತಲ್ಲೇ ಒಣಗುತ್ತದೆ. ಡಿಸೆಂಬರಿನಲ್ಲಿ ಸವರಿ, ಎಲೆ ಉದುರುವವರೆಗೆ ನೆಲದಲ್ಲೇ ಬಿಟ್ಟು, ಆಮೇಲೆ ಬೇಲು ಕಟ್ಟುವ ಇಲ್ಲಿನ ಕ್ರಮ ನನಗೆ ಬಹಳ ಸರಿಯೆನಿಸಿತು, ಏಕೆಂದರೆ ಮಣ್ಣಿಗೆ ಮರಳಬೇಕಾದ ಪೋಷಕಾಂಶಗಳ ದೊಡ್ಡ ಪಾಲು ಎಲೆ ಮತ್ತು ಕಡ್ಡಿಗಳಲ್ಲೇ ಇರುತ್ತದೆ. ಜೂನ್ ಬಂದರೆ ಆಟ ಮುಗಿಯಿತು. ಗೋವಾದ ಮಳೆಗೆ ನಿಲ್ಲುವ ಬೇಲು ಇಲ್ಲ. ಅಷ್ಟರೊಳಗೆ ಸಾಗಿಸಬೇಕು, ಇಲ್ಲವೇ ಸೂರಿನಡಿ ಸೇರಿಸಬೇಕು.

ಹಾಗೆಂದು ಚಿಪ್ಪರನ್ನು ಗುಡ್ಡದಿಂದ ಓಡಿಸಬೇಕೆಂದು ನಾನು ಹೇಳಲಾರೆ. ಅದೇ ತೋಟದ ಕೆಳಮಗ್ಗುಲಲ್ಲಿ ಎಳೆಯ ಗೇರು ಗಿಡಗಳ ಬುಡಕ್ಕೆ ಚೂರನ್ನು ಮುಚ್ಚಿಗೆಯಾಗಿ ಹರಡಿದ್ದರು, ಮಾರ್ಚ್‌ನ ಬಿಸಿಲಿನಲ್ಲೂ ಅದರ ಕೆಳಗಿನ ಮಣ್ಣು ತಂಪಾಗಿತ್ತು. ತೋಟದಲ್ಲೇ ಉಳಿಯುವ ಕಟ್ಟಿಗೆಯನ್ನು ಅಲ್ಲೇ ಚೂರು ಮಾಡುವುದು ಲೇಸು. ಗುಡ್ಡ ಇಳಿದು ಹೋಗುವ ಕಟ್ಟಿಗೆಯನ್ನು ಮಾತ್ರ ಬೇಲು ಕಟ್ಟಬೇಕು. ಬೆಂಕಿಯ ವಿಷಯದಲ್ಲಿಯೂ ಬೇಲು ನಿರಪಾಯವಲ್ಲ. ಚದುರಿದ ಒಣ ರಾಶಿಗಿಂತ ಅದಕ್ಕೆ ಕಿಡಿ ತಾಗುವುದು ನಿಧಾನವಾದರೂ ಒಮ್ಮೆ ಹೊತ್ತಿದರೆ ಆರಿಸುವುದು ಕಷ್ಟ. ಆದ್ದರಿಂದ ಇಲ್ಲಿ ಸುತ್ತ ನೆಲ ಕೆರೆದು, ಬೇಲುಗಳನ್ನು ಸಣ್ಣ ಸಣ್ಣ ಒಟ್ಟಿಲುಗಳಾಗಿ ದೂರದೂರ ಇಟ್ಟಿದ್ದರು.

ಮೊಲೆಂ ತನಿಖಾ ಠಾಣೆಗಳ ಅನುಭವವಿರುವ ಭಾವನವರು ಇನ್ನೊಂದು ಮಾತು ಸೇರಿಸಿದರು: ಬೇಲಿನಲ್ಲಿ ತೊಗಟೆ ಕಾಣುವುದರಿಂದ ಯಾವ ಮರವೆಂದು ಅರಣ್ಯ ಸಿಬ್ಬಂದಿ ಗುರುತಿಸಬಲ್ಲರು, ಚೂರಿನಲ್ಲಿ ಗೇರು ಯಾವುದು, ಕಾಡಿನ ಮತ್ತಿ ಮರ ಯಾವುದು ಎಂದು ಹೇಳುವವರಾರು? ಬೇಲಿನ ಹೊಟ್ಟೆಯಲ್ಲಿ ಬೇರೆ ಮರ ಅಡಗಿಸುವವರೂ ಇದ್ದಾರೆಂದು ನಾನು ಹೇಳಿದ್ದಕ್ಕೆ ನಕ್ಕರು.

ಮಧ್ಯಾಹ್ನದ ಮೇಲೆ ಈ ಬೇಲುಗಳನ್ನು ಕೊಳ್ಳುವ ಗೇರುಬೀಜದ ಕಾರ್ಖಾನೆಗೆ ಹೋದೆವು. ಬಾಯ್ಲರ್ ನೋಡಿಕೊಳ್ಳುವ ಹಿರಿಯರು ಹಾವೇರಿ ಕಡೆಯವರು. ಅವರಿಗೆ ಕಟ್ಟಿಗೆಯ ಬಗ್ಗೆ ದೂರಿರಲಿಲ್ಲ, ದೂರೆಲ್ಲ ಹಗ್ಗದ ಮೇಲೆ. ಮೊದಲ ಲಾರಿಗಳಲ್ಲಿ ಬಂದ ಪ್ಲಾಸ್ಟಿಕ್ ಹುರಿ ಚೂರುಯಂತ್ರದ ದಂಡಕ್ಕೆ ಸುತ್ತಿಕೊಂಡು ಕೆಲಸ ನಿಲ್ಲಿಸಿತ್ತು, ತಂತಿ ಬಂದರೆ ಚಾಕುವೇ ಹೋಗುತ್ತದೆ. ತೆಂಗಿನ ನಾರಿನ ಹಗ್ಗವಾದರೆ ಬಿಚ್ಚದೆ ಹಾಗೆಯೇ ಒಳಗೆ ಹಾಕಬಹುದು, ಅದೂ ಉರಿಯುತ್ತದೆ ಎಂದರು. ನಾರಿನ ಹಗ್ಗ ಅಕೇಶಿಯಾದ ಸೆಟೆತಕ್ಕೆ ತಡೆಯುವುದೇ ಎಂದು ಭಾವನವರು ಅನುಮಾನಿಸಿದಾಗ, ಗೇರಿಗೆ ಎರಡು ಸುತ್ತು, ಅಕೇಶಿಯಾಕ್ಕೆ ನಾಲ್ಕು ಸುತ್ತು ಹಾಕಿ ಒಂದು ಲಾರಿ ಕಳುಹಿಸಿ ನೋಡಿ, ಬಿಚ್ಚಿಕೊಂಡರೆ ಆ ಲಾರಿಯ ದರದಲ್ಲಿ ಕಡಿತ ಮಾಡುವುದಿಲ್ಲ ಎಂದು ಹಿರಿಯರು ಒಪ್ಪಿದರು. ಭಾವನವರು ಅಲ್ಲಿಂದಲೇ ಪೋಂಡಾದ ಹಗ್ಗದಂಗಡಿಗೆ ಫೋನು ಹಚ್ಚಿದರು.