ಬ್ಯಾಟರಿ ಅಲ್ಲ, ಅರ್ಥ್ ವೈರ್

ಕೀ ತಿರುಗಿಸಿದರೆ ಟಕ್ ಅನ್ನುತ್ತದೆ, ಅಷ್ಟೇ. ಸೆಲ್ಫ್ ತಿರುಗುವುದಿಲ್ಲ. ಹಳೇ ಕಾರು ಇಟ್ಟುಕೊಂಡವರಿಗೆ ಈ ಸದ್ದು ಗೊತ್ತೇ ಇರುತ್ತದೆ, ಅಲ್ವಾ? ನೋಡಿದವರೆಲ್ಲ "ಬ್ಯಾಟ್ರಿ ಹೋಗಿದೆ, ಹೊಸದು ಹಾಕ್ಸಿ" ಅಂದರು. ಎದುರು ಮನೆ ಮಾವ ಅಂತೂ ಪಂಚೆ ಎತ್ತಿ ಕಟ್ಟಿ, ತಳ್ಳೋಕೆ ರೆಡಿಯಾಗಿ ನಿಂತೇಬಿಟ್ಟರು.

ಮಂಡ್ಯದ ಗುತ್ತಲು ರಸ್ತೆ ಕಡೆಯಿಂದ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಬಂದರು. ಮೊದಲು ಮೀಟರ್ ಹಿಡಿದರು. 12.6 ವೋಲ್ಟ್. "ಬ್ಯಾಟ್ರಿ ಫುಲ್ ಅದೆ ಕಣಪ್ಪ." ಆಮೇಲೆ ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಮೈಗೆ. "ಈಗ ಕೀ ತಿರುಗ್ಸು." ಅರ್ಧ ವೋಲ್ಟ್ ಒಳಗೆ ಇರಬೇಕಾದದ್ದು ಎರಡರ ಹತ್ತಿರ ಹೋಯಿತು, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿಯಲ್ಲಿ ಎಲ್ಲೋ ತಡೆ ಇದೆ.

ಅಲ್ಲಿಗೆ ಕಳ್ಳ ಸಿಕ್ಕಿದ. ಅರ್ಥ್ ವೈರ್, ಅಂದರೆ ಬಾಡಿಯಿಂದ ಗೇರ್‌ಬಾಕ್ಸ್‌ಗೆ ಹೋಗುವ ಹೆಣೆದ ತಾಮ್ರದ ಪಟ್ಟಿ, ಹಸಿರು ಹಿಡಿದು, ಅರ್ಧ ಎಳೆ ಕಿತ್ತುಹೋಗಿತ್ತು. ಬೋಲ್ಟ್ ಜಾಗವನ್ನು ಎಮರಿ ಪೇಪರ್‌ನಲ್ಲಿ ಹೊಳೆಯುವ ತನಕ ಉಜ್ಜಿ, ಹೊಸ ಪಟ್ಟಿ ಬಿಗಿದರು. ಗಾಡಿ ತಕ್ಷಣ ಎದ್ದಿತು. ಇಂಜಿನ್ ಓಡುವಾಗ ಮೀಟರ್ 14.1 ತೋರಿಸಿತು, ಅಂದರೆ ಚಾರ್ಜಿಂಗೂ ಸರಿಯಿದೆ.

ಕರೆಂಟ್ ಹೋಗುವ ದಾರಿಯನ್ನು ಎಲ್ಲರೂ ನೋಡುತ್ತೇವೆ, ವಾಪಸ್ ಬರುವ ದಾರಿ ಯಾರಿಗೂ ನೆನಪಾಗುವುದಿಲ್ಲ ಅನ್ನಿಸಿತು. ಸಾಲ ಕೊಟ್ಟವರ ಲೆಕ್ಕ ಬೇರೆ, ಬಿಡಿ.

ಮಳೆ ಜಾಸ್ತಿ ಆಗುವ ಮುಂಚೆ ಒಮ್ಮೆ ಬಾನೆಟ್ ತೆಗೆದು ನೋಡಿ. ಬ್ಯಾಟರಿ ತುದಿಯಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ವ್ಯಾಸಲಿನ್ ಸವರಿ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಅದೇ ಕೊನೆಗೆ.