ಮೂಕಿ ಮೇಲಿನ ಬ್ಯಾಟರಿ ಗೂಡಿಗೆ ಬಂತು

ಕಳೆದ ಏಪ್ರಿಲ್‌ನಲ್ಲಿ ಟ್ರೇಲರ್‌ನ ಎಡಗಡೆ ಹಳೆಯ ಬಣ್ಣ ಕೆರೆಯುತ್ತಿದ್ದೆ. ಚಕ್ರಕ್ಕೆ ಸ್ವಲ್ಪ ಮುಂದೆ ತಗಡಿನ ಮೇಲೆ ಒಂದು ಚೌಕದ ಗೆರೆ ಕಾಣಿಸಿತು. ಇನ್ನಷ್ಟು ಕೆರೆದೆ. ಎರಡು ಕೀಲು, ಒಂದು ಚಿಲಕ. ಯಾರೋ ಬಣ್ಣ ಬಳಿದು ಮುಚ್ಚಿಬಿಟ್ಟಿದ್ದ ಪುಟ್ಟ ಬಾಗಿಲು ಅದು.

ಮೊದಲು ಈ ಟ್ರೇಲರ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಒಂದು ಕೋಣೆಯ ಮನೆ. ಮಂಚ, ಗ್ಯಾಸ್ ಒಲೆ, ಸಿಂಕು, ಮೇಜು ಎಲ್ಲ ಒಳಗೇ ಇರುತ್ತೆ. ನಮ್ಮದು 1969ರದ್ದು, ಹದಿನಾರು ಅಡಿ ಉದ್ದ. ಮರದ ರೀಪರ್ ಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ತಗಡು. ನಾವಿರುವುದು ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ. ಅರ್ಧ ಗಂಟೆ ಪೂರ್ವಕ್ಕೆ ಹೋದರೆ ಎಲ್ಕ್‌ಹಾರ್ಟ್ ಸಿಗುತ್ತೆ. ಅಮೆರಿಕದಲ್ಲಿ ಇಂಥ ಗಾಡಿಗಳು ತಯಾರಾಗುವ ಮುಖ್ಯ ಊರು ಅದೇ. ಅಲ್ಲಿನ ಮ್ಯೂಸಿಯಂನಲ್ಲಿ 1913ರ ಒಂದು ಟ್ರೇಲರ್ ಇಟ್ಟಿದ್ದಾರೆ. ಅದನ್ನು ನೋಡಿ ಬಂದ ಮೇಲೇ ನಮಗೂ ಈ ಹುಚ್ಚು ಹತ್ತಿದ್ದು.

ಟ್ರೇಲರ್ ಒಳಗೆ ಕರೆಂಟ್ ಕೊಡುವ ಬ್ಯಾಟರಿ ನಾವು ಕೊಂಡಾಗ ಇದ್ದದ್ದು ಮುಂದಿನ ಮೂಕಿಯ ಮೇಲೆ. ಕಾರಿಗೆ ಕೊಂಡಿ ಹಾಕುವ ಆ ಕಬ್ಬಿಣದ ತ್ರಿಕೋನಕ್ಕೆ ಇಲ್ಲಿ ನಾಲಿಗೆ ಅನ್ನುತ್ತಾರೆ. ನನಗೆ ಅದು ಎತ್ತಿನ ಗಾಡಿಯ ಮೂಕಿ. ಹಾಗೆ ಕರೆದರೇನೇ ಲೆಕ್ಕವೂ ಅರ್ಥವಾಗುತ್ತೆ. ಗಾಡಿಗೆ ಹುಲ್ಲು ಹೇರುವಾಗ ಮುಂದೆ ಜಾಸ್ತಿ ಆದರೆ ಎತ್ತಿನ ಹೆಗಲಿಗೆ ಭಾರ. ಹಿಂದೆ ಜಾಸ್ತಿ ಆದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕತ್ತು ಬಿಗಿಯುತ್ತೆ. ಇಲ್ಲೂ ಅದೇ ನಿಯಮ. ಟ್ರೇಲರ್‌ನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂಕಿಯ ಮೇಲೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸತೊಡಗುತ್ತೆ. ಜಾಸ್ತಿಯಾದರೆ ಕಾರು ಹಿಂದಕ್ಕೆ ಕೂರುತ್ತೆ.

ನಮ್ಮದು ಕೂತಿತ್ತು. "ಕಾರಿನ ಮೂತಿ ಮೇಲಕ್ಕೆ ಎದ್ದಿದೆ ನೋಡು, ಎದುರಿನವರ ಕಣ್ಣಿಗೇ ಲೈಟ್ ಹೊಡೀತಿದೆ" ಅಂತ ಮೊದಲು ಕಂಡುಹಿಡಿದವಳು ನನ್ನ ಹೆಂಡತಿ. ತೂಕ ನೋಡಲು ಬಚ್ಚಲು ಮನೆಯ ತೂಕದ ಯಂತ್ರವೇ ಸಾಕು. ಒಂದು ಗಟ್ಟಿ ತೊಲೆ ತಗೊಳ್ಳಿ. ಅದರ ಒಂದು ತುದಿಗೆ ಇಟ್ಟಿಗೆ, ಇನ್ನೊಂದು ತುದಿಗೆ ತೂಕದ ಯಂತ್ರ. ಇಟ್ಟಿಗೆಯಿಂದ ಒಂದಡಿ, ಯಂತ್ರದಿಂದ ಎರಡಡಿ ದೂರದಲ್ಲಿ ಮೂಕಿಯನ್ನು ಊರಿ. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಆಯ್ತು. ನಮಗೆ 72 ತೋರಿಸಿತು, ಅಂದರೆ 216 ಕೆಜಿ. ಟ್ರೇಲರ್ ಸಾಮಾನು ಸಮೇತ ಸುಮಾರು 1,200 ಕೆಜಿ ಇದೆ. ಹಾಗಾಗಿ ಮೂಕಿಯ ಮೇಲೆ 180 ದಾಟಬಾರದಿತ್ತು. ಎರಡು ಬ್ಯಾಟರಿ ಸೇರಿ 56 ಕೆಜಿ, ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್ ಬೇರೆ.

ಆ ಮುಚ್ಚಿದ ಬಾಗಿಲಿಗೆ ವಾಪಸ್ ಬರುತ್ತೇನೆ. ಚಿಲಕ ಮುರಿದೇ ತೆಗೆಯಬೇಕಾಯಿತು. ಒಳಗೆ ಪುಟ್ಟ ಗೂಡು, ಅದರಲ್ಲಿ ಬಿಳಿ ಹಸಿರು ಪುಡಿ. ನೋಡಿದ ಕೂಡಲೇ ಗುರುತು ಸಿಕ್ಕಿತು. ಊರಲ್ಲಿ ನಮ್ಮನೆ ಯುಪಿಎಸ್ ಬ್ಯಾಟರಿಯ ಟರ್ಮಿನಲ್ ಮೇಲೆ ಕಟ್ಟುತ್ತಿದ್ದದ್ದು ಇದೇ ಪುಡಿ. ಅಪ್ಪ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಅದರ ಮೇಲೆ ಹೊಯ್ಯುತ್ತಿದ್ದರು, ಬುಸ್ ಅಂತ ನೊರೆ ಬರುತ್ತಿತ್ತು. ಇಲ್ಲೂ ಹಾಗೇ ಹೊಯ್ದೆ. ನೊರೆ ನಿಲ್ಲುವ ತನಕ ಮೂರು ಸಲ ಹೊಯ್ದೆ. ಎಷ್ಟೋ ವರ್ಷಗಳ ಹಿಂದೆ ಚೆಲ್ಲಿದ ಆಸಿಡ್ ಇನ್ನೂ ಕೆಲಸ ಮಾಡುತ್ತಲೇ ಇತ್ತು. ಕಬ್ಬಿಣದ ತಟ್ಟೆ ಜಾಲರಿಯಾಗಿತ್ತು. ಕೆಳಗಿನ ಪ್ಲೈವುಡ್‌ಗೆ ಸ್ಕ್ರೂಡ್ರೈವರ್ ಒತ್ತಿದರೆ ನೆನೆದ ರಸ್ಕಿಗೆ ಒತ್ತಿದ ಹಾಗೆ ಒಳಗೆ ಹೋಯಿತು.

ಮೊದಲು ಮಾಡಿದವರು ಬ್ಯಾಟರಿಗೆ ಸರಿಯಾದ ಜಾಗವನ್ನೇ ಕೊಟ್ಟಿದ್ದರು. ಚಕ್ರದ ಹತ್ತಿರ ಇದ್ದರೆ ಆ ತೂಕ ಮೂಕಿಗೆ ಅಷ್ಟಾಗಿ ಬೀಳುವುದಿಲ್ಲ. ಆದರೆ ಗೂಡಿಗೆ ಉಸಿರಾಡಲು ದಾರಿ ಇರಲಿಲ್ಲ, ಕೆಳಗಿನ ಕಬ್ಬಿಣದ ತಟ್ಟೆ ಆಸಿಡ್ ತಡೆಯುವಂಥದ್ದಾಗಿರಲಿಲ್ಲ. ಬೀದಿಯ ಕೊನೆಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ. ಎಲ್ಕ್‌ಹಾರ್ಟ್‌ನ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ವೈರಿಂಗ್ ಮಾಡಿದವರು. ಗೂಡು ನೋಡಿ ಅವರು ಹೇಳಿದ್ದು ಇಷ್ಟೇ: "ಅಡುಗೆ ಗ್ಯಾಸ್ ಕೆಳಗೆ ಇಳಿಯುತ್ತೆ, ಬ್ಯಾಟರಿಯ ಹೊಗೆ ಮೇಲೆ ಏರುತ್ತೆ. ಇದನ್ನು ಮರೆಯಬೇಡ."

ಚಾರ್ಜ್ ಆಗುವಾಗ ನೀರು ಹಾಕುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೂ ಸಾಕು, ಒಂದು ಕಿಡಿಗೆ ಸಿಡಿಯುತ್ತೆ. ಗೂಡಿನ ಪಕ್ಕದ ಬೆಂಚಿನ ಮೇಲೆ ಮಕ್ಕಳು ಮಲಗುತ್ತಾರೆ. ಹಾಗಾಗಿ ಇದೊಂದರಲ್ಲಿ ನಾನು ಆತುರ ಮಾಡಲಿಲ್ಲ. ಕೊಳೆತ ಪ್ಲೈವುಡ್ ಕತ್ತರಿಸಿ ಹೊಸದು ಕೂರಿಸಿದೆ, ಎರಡು ಕೋಟ್ ಎಪಾಕ್ಸಿ ಬಳಿದೆ. ಅದರ ಮೇಲೆ ಆಸಿಡ್ ತಡೆಯುವ ಪ್ಲಾಸ್ಟಿಕ್ ಪೆಟ್ಟಿಗೆ, ಮುಚ್ಚಳಕ್ಕೆ ಸುತ್ತ ರಬ್ಬರ್ ಪಟ್ಟಿ. ಪೆಟ್ಟಿಗೆಯ ಮೇಲಂಚಿನಿಂದ ಒಂದು ಕೊಳವೆ ಬಾಗಿಲಿನ ಮೂಲಕ ಹೊರಗೆ ಹೋಗುತ್ತೆ. ಕೆಳಗಿನಿಂದ ಇನ್ನೊಂದು ಕೊಳವೆ ಗಾಳಿ ಒಳಗೆ ತರುತ್ತೆ. ಮನೆಯೊಳಗಿನ ಗಾಳಿಗೂ ಪೆಟ್ಟಿಗೆಯ ಗಾಳಿಗೂ ಎಲ್ಲೂ ಸಂಬಂಧ ಇಲ್ಲ. ವೈರ್ ಹಾಯುವ ತೂತಿಗೂ ಸೀಲೆಂಟ್ ತುಂಬಿದ್ದೇನೆ.

ವೈರ್ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಕಣ್ಣಿಗೆ ಬ್ಯಾಟರಿ ಅಂದರೆ ಕೆಂಪು ಪ್ಲಸ್, ಕಪ್ಪು ಮೈನಸ್ ಅಲ್ವಾ? ಇಲ್ಲಿನ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಕಪ್ಪು ಪ್ಲಸ್, ಬಿಳಿ ಮೈನಸ್. ನಾನು ಕಪ್ಪನ್ನು ಮೈನಸ್‌ಗೆ ಹಿಡಿದೇ ಬಿಟ್ಟಿದ್ದೆ. ಮೀಟರ್ ಇಟ್ಟು ನೋಡುವ ಅಭ್ಯಾಸ ಕಾಪಾಡಿತು.

ಇನ್ನೊಂದು ತಪ್ಪನ್ನು ಮೀಟರ್ ಹಿಡಿಯಲಿಲ್ಲ, ಅಜ್ಜ ಹಿಡಿದರು. ಓಡುವಾಗ ಟ್ರೇಲರ್ ಕಾರಿನಿಂದ ಕಳಚಿಕೊಂಡರೆ ಅಂತ ಮೂಕಿಯಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತೆ. ಅದರ ಪಿನ್ನಿಗೆ ಕಟ್ಟಿದ ತಂತಿ ಕಾರಿಗೆ ಸಿಕ್ಕಿಸಿರುತ್ತೆ. ಟ್ರೇಲರ್ ಕಳಚಿದರೆ ಪಿನ್ ಕಿತ್ತು ಬರುತ್ತೆ, ಬ್ಯಾಟರಿಯ ಕರೆಂಟ್ ನೇರ ಬ್ರೇಕಿಗೆ ಹೋಗಿ ಚಕ್ರ ಹಿಡಿಯುತ್ತೆ. ನಾನು ಬ್ಯಾಟರಿಯನ್ನು ಹಿಂದಕ್ಕೆ ತಂದಾಗ ಎಲ್ಲ ವೈರನ್ನೂ ಹೊಸ ಕಟಾಫ್ ಸ್ವಿಚ್‌ನ, ಅಂದರೆ ಬ್ಯಾಟರಿಯ ಕರೆಂಟನ್ನೇ ಕಡಿಯುವ ಸ್ವಿಚ್‌ನ, ಆಚೆ ಸೇರಿಸಿದ್ದೆ. ಅಚ್ಚುಕಟ್ಟಾಗಿ ಕಾಣುತ್ತಿತ್ತು. ಅಜ್ಜ ಬಂದು ಒಂದು ಚಕ್ರಕ್ಕೆ ಜ್ಯಾಕ್ ಕೊಡಿಸಿದರು. "ಕಟಾಫ್ ಆಫ್ ಮಾಡು. ಈಗ ಪಿನ್ ಎಳಿ." ಎಳೆದೆ. ಅವರು ಕೈಯಿಂದ ಚಕ್ರ ತಿರುಗಿಸಿದರು. ಅದು ಸುಮ್ನೆ ತಿರುಗುತ್ತಲೇ ಇತ್ತು.

ನನ್ನ ಹೊಟ್ಟೆಯೊಳಗೆ ತಣ್ಣಗಾಯಿತು. ಹೊರಡುವಾಗ ಕಟಾಫ್ ಆನ್ ಮಾಡುವುದನ್ನು ಒಂದು ದಿನ ಮರೆತಿದ್ದರೆ, ಹಿಂದೆ ಬರುವ ಯಾರದೋ ಕಾರಿಗೆ ಈ ಸಾವಿರ ಚಿಲ್ಲರೆ ಕಿಲೋ ಹೋಗಿ ಬಡಿಯುತ್ತಿತ್ತು. ಅವತ್ತೇ ಆ ವೈರನ್ನು ಬಿಚ್ಚಿ, ಅದರದೇ ಫ್ಯೂಸ್ ಹಾಕಿ, ನೇರ ಬ್ಯಾಟರಿಗೆ ಕೊಟ್ಟೆ. ಮತ್ತೆ ಪಿನ್ ಎಳೆದಾಗ ಚಕ್ರ ಗಕ್ಕನೆ ನಿಂತಿತು. ಬ್ಯಾಟರಿ ಜಾಗ ಬದಲಿಸುವ ಯಾರೇ ಆಗಲಿ, ಬೇರೆ ಏನು ಬಿಟ್ಟರೂ ಈ ಪರೀಕ್ಷೆ ಬಿಡಬೇಡಿ.

ಲಿಥಿಯಂ ಯಾಕೆ ಹಾಕಲಿಲ್ಲ ಅಂತ ಅಣ್ಣ ಫೋನಿನಲ್ಲಿ ಕೇಳಿದ. ಹಗುರ ನಿಜ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ನಮ್ಮೂರಲ್ಲಿ ನವೆಂಬರ್‌ನಲ್ಲೇ ಹಿಮ ಬೀಳುತ್ತೆ. ಅದಕ್ಕೇ ಗಾಲ್ಫ್ ಗಾಡಿಗೆ ಹಾಕುವ ಆರು ವೋಲ್ಟಿನ ಆ ಎರಡು ಸೀಸದ ಬ್ಯಾಟರಿಗಳನ್ನೇ ಹನ್ನೆರಡು ವೋಲ್ಟ್ ಆಗುವ ಹಾಗೆ ಸಾಲಾಗಿ ಜೋಡಿಸಿ ಉಳಿಸಿಕೊಂಡೆ. ಅವು 220 ಆಂಪ್‌-ಅವರ್‌ನವು. ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಬಹಳ ದಿನ ಬಾಳುತ್ತವೆ. ಹೊರಗಿನ ಕರೆಂಟಿನಿಂದ ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಕನ್ವರ್ಟರ್ ಮಾತ್ರ ತೆಗೆದೆ. ಬ್ಯಾಟರಿ ತುಂಬಿದ ಮೇಲೂ ಅದು ಕುದಿಸುತ್ತಲೇ ಇತ್ತು.

ಮತ್ತೆ ತೊಲೆ, ಇಟ್ಟಿಗೆ, ತೂಕದ ಯಂತ್ರ. ಈ ಸಲ 56. ಅಂದರೆ 168 ಕೆಜಿ. ಕಾರಿನ ಮೂತಿ ಇಳಿದಿತ್ತು.

ಅಕ್ಟೋಬರ್‌ನಲ್ಲಿ ಇಂಡಿಯಾನಾ ಡ್ಯೂನ್ಸ್‌ಗೆ ಹೋದೆವು. ಮಿಶಿಗನ್ ಸರೋವರದ ದಂಡೆಯ ಮರಳುದಿಬ್ಬಗಳು ಅವು, 2019ರಲ್ಲಿ ರಾಷ್ಟ್ರೀಯ ಉದ್ಯಾನವಾದವು. ಅಲ್ಲಿನ ಡ್ಯೂನ್‌ವುಡ್ ಕ್ಯಾಂಪಿನಲ್ಲಿ ಟ್ರೇಲರ್‌ಗೆ ಕರೆಂಟ್ ಕೊಡುವುದಿಲ್ಲ. ನಾನು ಬೇಕೆಂದೇ ಅದನ್ನು ಆರಿಸಿದ್ದು. ರಾತ್ರಿ ಚಳಿಗೆ ಹೀಟರ್ ಫ್ಯಾನ್ ಆಗಾಗ ಓಡುತ್ತಿತ್ತು. ಹತ್ತಿರದಲ್ಲೇ ನಮ್ಮೂರಿಂದ ಶಿಕಾಗೋಗೆ ಹೋಗುವ ರೈಲಿನ ಕೂಗು. ಮಕ್ಕಳು ಆ ಬೆಂಚಿನ ಮೇಲೆ ಮಲಗಿದ್ದರು. ಎರಡನೇ ಬೆಳಗ್ಗೆ ಎದ್ದ ಕೂಡಲೇ ಮೀಟರ್ ಇಟ್ಟೆ. 12.3 ವೋಲ್ಟ್. ಅರ್ಧ ಅಂದರೆ 12.1 ಹತ್ತಿರ, ಹಾಗಾಗಿ ಇನ್ನೂ ಮಿಕ್ಕಿತ್ತು. ಮಕ್ಕಳು ಏಳುವ ಮೊದಲೇ ಕಾಫಿಗೆ ನೀರಿಟ್ಟೆ.

ಈಗ ಬ್ಯಾಟರಿಗಳು ಗ್ಯಾರೇಜಿನಲ್ಲಿ ಪೂರ್ತಿ ಚಾರ್ಜ್ ಆಗಿ ಕೂತಿವೆ. ಖಾಲಿ ಬಿಟ್ಟರೆ ಈ ಚಳಿಗೆ ಒಳಗಿನ ನೀರು ಹೆಪ್ಪುಗಟ್ಟಿ ಪೆಟ್ಟಿಗೆ ಸೀಳುತ್ತೆ. ಮೊನ್ನೆ ಡಿಸ್ಟಿಲ್ಡ್ ವಾಟರ್ ಹಾಕುವಾಗ ಅಜ್ಜ ಬಂದಿದ್ದರು. ಅವರ ಗ್ಯಾರೇಜಿನ ಡಬ್ಬಿಯಲ್ಲಿ ಹುಡುಕಿ ಒಂದು ಹಳೆಯ ಕ್ರೋಮ್ ಚಿಲಕ ತಂದಿದ್ದರು. ನಾನು ಮುರಿದ ಚಿಲಕದ ಅಳತೆಯದೇ. ಹಿಮ ಕರಗಿದ ಮೇಲೆ ಅದನ್ನು ಗೂಡಿನ ಬಾಗಿಲಿಗೆ ಹಾಕಬೇಕು.